ಹೆಚ್ಚಾಗಿ ಬಂದ ಅಕ್ಕಿ

ಮೂವತ್ತೈದು ದಾಟುತ್ತಿದ್ದಂತೆ ನನಗೊಂದು ಹುಚ್ಚು ಹತ್ತಿತ್ತು: ಕೆಲಸ ಬಿಟ್ಟು ಎಲ್ಲಾದರೂ ಆಶ್ರಮ ಸೇರಿಬಿಡಬೇಕು. ಪುಣೆಯ ಹಿಂಜೇವಾಡಿ ಟ್ರಾಫಿಕ್‌ನಲ್ಲಿ ದಿನಾ ಕೂರುವವರಿಗೆ ಈ ಆಸೆ ಹೊಸದೇನಲ್ಲ.

ಅದೇ ಗುಂಗಿನಲ್ಲಿ ಕಳೆದ ವರ್ಷ ಸಹೋದ್ಯೋಗಿಗಳ ಜೊತೆ ಪಂಢರಪುರದ ವಾರಿಗೆ ಹೋದೆ. ಪೂರ್ತಿಯಲ್ಲ, ಆಳಂದಿಯಿಂದ ಪುಣೆವರೆಗೆ ಒಂದು ದಿನ ಮಾತ್ರ. ಜ್ಞಾನೇಶ್ವರರ ಪಾಲಖಿಯ ಜೊತೆ ಪಂಢರಪುರ ಮುಟ್ಟಲು ಸುಮಾರು ಮೂರು ವಾರ ಬೇಕು. ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ರೈತರೊಬ್ಬರಿಗೆ ನನ್ನ ಹರಕುಮುರುಕು ಮರಾಠಿಯಲ್ಲಿ, ‘ನಾನೂ ಎಲ್ಲ ಬಿಟ್ಟು ಹೊರಡಬೇಕು ಅಂತಿದ್ದೀನಿ ಕಾಕಾ’ ಅಂದೆ. ಅವರು ನಕ್ಕರು. ‘ಏಕಾದಶಿ ಮುಗಿದರೆ ನಾನು ಊರಿಗೆ. ಹೊಲದ ಕಳೆ ಯಾರು ಕೀಳ್ತಾರೆ?’

ಆಮೇಲೆ ಅವರೇ ಸಾವತಾ ಮಾಳಿಯ ಕಥೆ ಹೇಳಿದರು. ಪಂಢರಪುರಕ್ಕೆ ದೂರವಲ್ಲದ ಅರಣ ಎಂಬ ಊರಿನ ತೋಟಗಾರ ಸಂತ. ಅವರು ತೋಟದ ಕೆಲಸ ಬಿಟ್ಟು ಹೋಗಲಿಲ್ಲ, ವಿಠ್ಠಲನೇ ತೋಟಕ್ಕೆ ಬಂದ ಎನ್ನುವುದು ವಾರಕರಿಗಳ ನಂಬಿಕೆ.

ನನಗೆ ನಮ್ಮ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯನದು ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತು ಕೂತವನನ್ನು ಕೆಲಸಕ್ಕೆ ಎಬ್ಬಿಸಿ ಕಳಿಸಿದವಳು ಅವಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ತಂದಲ್ಲೇ ಸುರಿದು ಬಾ ಎಂದವಳೂ ಅವಳೇ.

ಕಥೆ ಕೇಳಲು ಚೆಂದ. ನನ್ನ ಪಾಲಿಗೆ ಬಂದಾಗಲೇ ಕಷ್ಟ ಗೊತ್ತಾಗಿದ್ದು.

ವಾರಿ ಮುಗಿದು ಎರಡು ತಿಂಗಳಿಗೆ ನನ್ನದೇ ಹಳೆಯ ಕೋಡ್‌ನಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ಬಿಲ್ ಲೆಕ್ಕ ಮಾಡುವಾಗ ಪೈಸೆಯನ್ನು ಹತ್ತಿರದ ರೂಪಾಯಿಗೆ ಹೊಂದಿಸುವ ಬದಲು ಪ್ರತಿ ಸಲವೂ ಮೇಲಕ್ಕೇ ಏರಿಸುತ್ತಿತ್ತು. ಒಬ್ಬ ಗ್ರಾಹಕನಿಗೆ ಅದು ಚಿಲ್ಲರೆ. ಆದರೆ ಬಿಲ್‌ಗಳು ಲಕ್ಷಗಟ್ಟಲೆ. ಯಾರೂ ದೂರು ಕೊಟ್ಟಿರಲಿಲ್ಲ. ಅಪ್ರೈಸಲ್ ಬೇರೆ ಹತ್ತಿರ ಬಂದಿತ್ತು. ಮುಂದಿನ ರಿಲೀಸ್‌ನಲ್ಲಿ ಸದ್ದಿಲ್ಲದೆ ಸರಿಪಡಿಸಿದ್ದರೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಲಕ್ಕಮ್ಮನ ಹೆಸರು ಎತ್ತಲಿಲ್ಲ. ‘ನಾಳೆ ಹೇಳಿಬಿಡಿ, ಇಲ್ಲದಿದ್ದರೆ ನಿಮಗೆ ನಿದ್ದೆ ಬರಲ್ಲ’ ಅಂದಳಷ್ಟೆ.

ಬೆಳಿಗ್ಗೆ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಎರಡು ಗಂಟೆ ಮೀಟಿಂಗ್, ಒಂದಷ್ಟು ಕಟುವಾದ ಮಾತು. ಗ್ರಾಹಕರ ಹಣ ಮುಂದಿನ ಬಿಲ್‌ಗಳಲ್ಲಿ ವಾಪಸ್ ಹೋಯಿತು. ಆ ವರ್ಷ ನನ್ನ ರೇಟಿಂಗ್ ಒಂದು ಮೆಟ್ಟಿಲು ಇಳಿಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಎಂಐ ಕಟ್ಟುವವನು ನಾನು.

ಆದರೆ ಆಶ್ರಮದ ಯೋಚನೆ ಆಮೇಲೆ ಅಷ್ಟಾಗಿ ಕಾಡಿಲ್ಲ. ಅಲ್ಲಿ ಕೂತು ಏನನ್ನು ಬಿಡಬೇಕೆಂದಿದ್ದೆನೋ, ಅದನ್ನು ಬಿಡುವ ಸಂದರ್ಭ ಇದೇ ಮೇಜಿನ ಮುಂದೆ ಬರುತ್ತದೆ, ಅದೂ ಮತ್ತೆ ಮತ್ತೆ.

ಈ ವರ್ಷವೂ ವಾರಿಗೆ ಹೊರಟಿದ್ದೇನೆ. ಒಂದು ದಿನದ ರಜೆ ಸಾಕು. ಮರುದಿನ ರಿಲೀಸ್ ಇದೆ.