ಊರಲ್ಲೇ ಕೂತು ಲೋಕ ಸುತ್ತೋಣ



ಒಂದು ರಾತ್ರಿ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಹೀಗೆ ಕೇಳಿದಳು: "ಮಾಸ್ತರ, ನನ್ನ ಹೆಸರು ಬರಿಯಾಕ ಬಂತು. ಬಸ್ಸಿನ ಬೋರ್ಡ ಓದಾಕ ಬಂತು. ಇಷ್ಟು ಸಾಕಲ್ರೀ? ಇನ್ನ ಯಾಕ ಓದಬೇಕು?"

ಪ್ರಶ್ನೆ ಸರಿಯಾಗೇ ಇದೆ. ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿದು ಬಂದವಳು. ಕಣ್ಣಲ್ಲಿ ನಿದ್ದೆ ತುಂಬಿತ್ತು. ನಾನು ಉತ್ತರ ಕೊಡಲಿಲ್ಲ. ಒಂದು ಕಥೆ ಓದಿದೆ.

ಒಬ್ಬ ರೈತ ಇದ್ದ. ಅವನಿಗೆ ಎಷ್ಟು ಹೊಲ ಇದ್ದರೂ ಸಾಲದು. ಒಂದು ಸೀಮೆಯ ಜನ ಅವನಿಗೆ ಹೇಳಿದರು: "ಇಷ್ಟು ಹಣ ಕೊಡು. ಒಂದು ದಿನದಲ್ಲಿ ಎಷ್ಟು ನೆಲ ಸುತ್ತಿ ಬರ್ತೀಯೋ ಅಷ್ಟೂ ನಿನಗೆ. ಆದರೆ ಹೊತ್ತು ಮುಳುಗೋದರೊಳಗೆ ಹೊರಟ ಜಾಗಕ್ಕೇ ಬರಬೇಕು." ರೈತ ನಡೆದ. ಆಸೆ ಅವನನ್ನು ದೂರ ದೂರ ಎಳೆಯಿತು. ಹೊತ್ತು ಇಳಿಯಿತು. ಅವನು ಓಡಿದ. ಓಡಿ ಬಂದು ಮುಟ್ಟಿದ. ಅಲ್ಲೇ ಬಿದ್ದು ಸತ್ತ. ಅವನನ್ನು ಹೂಳಲು ಬೇಕಾದದ್ದು ಆರಡಿ ನೆಲ ಮಾತ್ರ.

ಎಲ್ಲರೂ ಸುಮ್ಮನಾದರು. ಆಮೇಲೆ ಅದೇ ಅಕ್ಕ ಕೇಳಿದಳು: "ನಮ್ಮೂರಾಗೂ ಇಂಥವ್ರು ಅದಾರ್ರಿ. ಆ ಕಥಿ ಬರದಾಂವಗ ನಮ್ಮೂರು ಹ್ಯಾಂಗ ಗೊತ್ತಾತು?"

ಅವನಿಗೆ ನಮ್ಮೂರು ಗೊತ್ತಿರಲಿಲ್ಲ. ಆ ಕಥೆ ಬರೆದವನು ಟಾಲ್‌ಸ್ಟಾಯ್. ರಷ್ಯಾ ದೇಶದವನು. 1886ರಲ್ಲಿ ಬರೆದ ಕಥೆ ಅದು. ರಷ್ಯಾ ಬಹಳ ದೂರ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ನಮ್ಮಲ್ಲಿ ಬಿಸಿಲು ಸುಡುತ್ತದೆ. ಆದರೂ ಆಸೆ ಒಂದೇ.

ಆ ಕಥೆ ನಮಗೆ ಹೇಗೆ ಸಿಕ್ಕಿತು? ಆಳಂದದ ಸಂತೆಯನ್ನು ನೆನೆಯಿರಿ. ವ್ಯಾಪಾರಿ ಮರಾಠಿ ಮಾತಾಡುತ್ತಾನೆ. ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ನಡುವೆ ಎರಡೂ ಭಾಷೆ ಬಲ್ಲವರು ಒಬ್ಬರು ನಿಲ್ಲುತ್ತಾರೆ. ಅವನ ಮಾತು ಇವಳಿಗೆ, ಇವಳ ಮಾತು ಅವನಿಗೆ ತಿಳಿಸುತ್ತಾರೆ. ಪುಸ್ತಕಕ್ಕೂ ಹೀಗೆ ಮಾಡುವವರಿದ್ದಾರೆ. ಈ ಕೆಲಸಕ್ಕೆ ಅನುವಾದ ಅಂತಾರೆ.

ಕನ್ನಡದಲ್ಲಿ ಈ ಕೆಲಸವನ್ನು ದೊಡ್ಡದಾಗಿ ಮಾಡಿಸಿದವರು ನಿರಂಜನ. ಅವರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಲೇಖಕರು. ಬೇರೆ ಬೇರೆ ದೇಶಗಳ ಕಥೆಗಳನ್ನು ಆರಿಸಿದರು. ಅನೇಕ ಲೇಖಕರಿಂದ ಕನ್ನಡ ಮಾಡಿಸಿದರು. ಒಂದಲ್ಲ, ಎರಡಲ್ಲ, 25 ಪುಸ್ತಕ ಆದವು! ಅವುಗಳಿಗೆ 'ವಿಶ್ವಕಥಾಕೋಶ' ಅಂತ ಹೆಸರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ನವಕರ್ನಾಟಕ ಪ್ರಕಾಶನ ಅವುಗಳನ್ನು ಅಚ್ಚು ಹಾಕಿತು. ಆಗ ನಿರಂಜನರು ಗಟ್ಟಿಮುಟ್ಟಾಗಿ ಇರಲಿಲ್ಲ. ಅವರಿಗೆ ಲಕ್ವ ಹೊಡೆದಿತ್ತು. ಮೈ ಸೋತರೂ ಕೆಲಸ ಬಿಡಲಿಲ್ಲ. ನಾವೋ, ನಿದ್ದೆ ಬಂತು ಅಂತ ಪುಸ್ತಕ ಮುಚ್ಚುತ್ತೇವೆ!

ಲೋಕದಲ್ಲಿ ಎಷ್ಟು ದೇಶಗಳಿವೆ? ವಿಶ್ವಸಂಸ್ಥೆ ಅಂತ ದೇಶಗಳ ಒಂದು ಕೂಟ ಇದೆ. ಅದರಲ್ಲಿ 193 ದೇಶಗಳಿವೆ. ಅಷ್ಟೂ ದೇಶ ಕಾಲಿನಿಂದ ಸುತ್ತೋದು ನಮ್ಮಂಥವರಿಗೆ ಆಗದ ಮಾತು. ಆದರೆ ಓದಿ ಸುತ್ತಿದವರು ಇದ್ದಾರೆ. ಇಂಗ್ಲೆಂಡಿನ ಲಂಡನ್ ಪಟ್ಟಣದಲ್ಲಿ ಆನ್ ಮಾರ್ಗನ್ ಅನ್ನೋ ಹೆಣ್ಣುಮಗಳು 2012ರಲ್ಲಿ ಒಂದು ಹಟ ಹಿಡಿದಳು. ದೇಶಕ್ಕೆ ಒಂದರಂತೆ, ಒಂದೇ ವರ್ಷದಲ್ಲಿ 196 ದೇಶಗಳ ಪುಸ್ತಕ ಓದೋದು ಅಂತ.

ಕೆಲವು ದೇಶಗಳ ಪುಸ್ತಕ ಅವಳ ಭಾಷೆಯಲ್ಲಿ ಇರಲೇ ಇಲ್ಲ. ಆಫ್ರಿಕಾದ ಹತ್ತಿರ ಸಮುದ್ರದಲ್ಲಿ ಒಂದು ಪುಟ್ಟ ದೇಶ ಇದೆ. ಅಲ್ಲಿಯ ಪುಸ್ತಕವನ್ನು ಹಲವರು ಪಾಲು ಹಂಚಿಕೊಂಡು ಅವಳಿಗಾಗಿ ಅನುವಾದ ಮಾಡಿಕೊಟ್ಟರು. ಹಣ ಕೇಳಲಿಲ್ಲ. ದಕ್ಷಿಣ ಸುಡಾನ್ 2011ರಲ್ಲಿ ಸ್ವತಂತ್ರವಾದ ದೇಶ. ಅಲ್ಲಿಯ ಪುಸ್ತಕ ಸಿಗಲಿಲ್ಲ. ಅಲ್ಲಿಯ ಒಬ್ಬ ಹೆಣ್ಣುಮಗಳು ಅವಳಿಗಾಗಿಯೇ ಒಂದು ಕಥೆ ಬರೆದುಕೊಟ್ಟಳು. ನೋಡ್ರಿ, ಓದೋರು ಇದ್ದರೆ ಬರೆಯೋರು ಹುಟ್ಟುತ್ತಾರೆ.

ಭಾರತದ್ದು ಯಾವ ಪುಸ್ತಕ ಓದಿದಳು? ಮಲಯಾಳಂ ಭಾಷೆಯ ಒಂದು ಕಾದಂಬರಿ. ಅದು ಕೇರಳದ ಕಥೆ. ಅದರಲ್ಲಿ ನಮ್ಮ ಭೀಮಾ ನದಿ ಇರುತ್ತದೆಯೇ? ಅಫಜಲಪುರದ ಬಿಸಿಲು, ಜೇವರ್ಗಿಯ ಜೋಳದ ರೊಟ್ಟಿ ಇರುತ್ತವೆಯೇ? ಒಂದು ಪುಸ್ತಕ ಓದಿದರೆ ಇಡೀ ದೇಶ ತಿಳಿಯೋದಿಲ್ಲ. ಒಂದು ಬಾಗಿಲು ತೆರೆಯುತ್ತದೆ, ಅಷ್ಟೇ. ಒಳಗೆ ಇನ್ನೂ ನೂರು ಮನೆ ಇರುತ್ತವೆ.

ನೈಜೀರಿಯಾ ಆಫ್ರಿಕಾದ ಒಂದು ದೇಶ. ಅಲ್ಲಿಯ ಚಿನುವಾ ಅಚೆಬೆ ಬರೆದ ಕಾದಂಬರಿ 1958ರಲ್ಲಿ ಬಂತು. ಅದು ಕನ್ನಡದಲ್ಲೂ ಇದೆ. ಅದರ ನಾಯಕ ಒಬ್ಬ ರೈತ. ಅವನು ಬೆಳೆಯೋದು ಒಂದು ಬಗೆಯ ಗೆಡ್ಡೆ. ಮನೆಗೆ ಬಂದವರ ಮುಂದೆ ಅಲ್ಲಿ ಕೋಲಾ ಕಾಯಿ ಒಡೆದು ಹಂಚುತ್ತಾರೆ. ನಾವು ಎಲೆ ಅಡಿಕೆ ಕೊಡ್ತೀವಲ್ಲ, ಹಾಗೆ. ಓದುವಾಗ ಅದು ಬೀಗರ ಊರು ಅನಿಸುತ್ತದೆ.

ಹಾಗಾದರೆ ನಮ್ಮ ಕಥೆ ಲೋಕಕ್ಕೆ ಹೋಗಿದೆಯೇ? ಹೋಗಿದೆ. ಹಾಸನದ ಬಾನು ಮುಷ್ತಾಕ್ ಮುಸ್ಲಿಂ ಹೆಣ್ಣುಮಕ್ಕಳ ಬಾಳನ್ನು ಕನ್ನಡದಲ್ಲಿ ಕಥೆ ಮಾಡಿ ಬರೆದರು. ದೀಪಾ ಭಾಸ್ತಿ ಅವುಗಳನ್ನು ಇಂಗ್ಲಿಷಿಗೆ ತಂದರು. 2025ರಲ್ಲಿ ಆ ಪುಸ್ತಕಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಹುಮಾನದ ಹಣ ಬರೆದವರಿಗೆ ಅರ್ಧ, ಅನುವಾದ ಮಾಡಿದವರಿಗೆ ಅರ್ಧ.

ನಮ್ಮ ಜಿಲ್ಲೆಯಲ್ಲೂ ಇಂಥವರಿದ್ದರು. ಗೀತಾ ನಾಗಭೂಷಣ ಕಲಬುರಗಿ ಜಿಲ್ಲೆಯ ಸಾವಳಗಿಯವರು. ಬಡವರ, ದುಡಿಯುವ ಹೆಣ್ಣುಮಕ್ಕಳ ಬಾಳನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಮಾತಾಡೋ ಭಾಷೆ ಪುಸ್ತಕಕ್ಕೆ ತಕ್ಕದ್ದಲ್ಲ ಅಂತ ಯಾರಾದರೂ ಅಂದರೆ ಈ ಹೆಸರು ಹೇಳ್ರಿ.

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಯಾಕೆ ಓದಬೇಕು? ಬಳಸದ ಕುಡುಗೋಲು ತುಕ್ಕು ಹಿಡಿಯುತ್ತದೆ. ಓದದ ಅಕ್ಷರ ಮರೆತು ಹೋಗುತ್ತದೆ. ಕಷ್ಟಪಟ್ಟು ಕಲಿತದ್ದು ಕೈ ಬಿಟ್ಟು ಹೋಗಬಾರದು. ಇನ್ನೊಂದು ಮಾತು. ನಮ್ಮ ಕಷ್ಟ ನಮಗೊಬ್ಬರಿಗೇ ಅಂದುಕೊಂಡರೆ ಎದೆ ಕುಸಿಯುತ್ತದೆ. ದೂರದ ಊರಿನಲ್ಲೂ ಇಂಥದ್ದೇ ಇದೆ ಅಂತ ತಿಳಿದರೆ ಧೈರ್ಯ ಬರುತ್ತದೆ.

ಹೀಗೆ ಮಾಡ್ರಿ. ಪಂಚಾಯ್ತಿ ಗ್ರಂಥಾಲಯಕ್ಕೆ ಹೋಗಿ. ಬೇರೆ ದೇಶದ ಕಥೆ ಕನ್ನಡದಲ್ಲಿ ಇದೆಯಾ ಅಂತ ಕೇಳ್ರಿ. ಸಣ್ಣ ಕಥೆ ಆರಿಸಿ. ದಿನಕ್ಕೆ ಒಂದು ಪುಟ ಸಾಕು. ನಾಲ್ಕು ಜನ ಕೂತು ಜೋರಾಗಿ ಓದಿ. ಓದಿ ಮುಗಿಸಿದ ಮೇಲೆ ಆ ದೇಶದ ಹೆಸರು ವಹಿಯಲ್ಲಿ ಬರೆಯಿರಿ.

ಆ ಅಕ್ಕನ ವಹಿಯಲ್ಲಿ ಈಗ ಮೂರು ದೇಶಗಳ ಹೆಸರು ಇವೆ. ಮೊದಲನೆಯದು ರಷ್ಯಾ. ಒತ್ತಕ್ಷರ ಸ್ವಲ್ಪ ಸೊಟ್ಟಗಿದೆ. ಇರಲಿ, ಊರು ಮುಟ್ಟಿದ್ದಾಳೆ.

ಮಾತಾಡಿ, ಬರೆಯಿರಿ:
1. ರೈತನ ಕಥೆಯಲ್ಲಿ ತಪ್ಪು ಯಾರದು?
2. ನಮ್ಮೂರಿನ ಯಾವ ಕಥೆ ಲೋಕಕ್ಕೆ ಗೊತ್ತಾಗಬೇಕು? ಐದು ಸಾಲು ಬರೆಯಿರಿ.