ಮಗುವಿನ ಮದ್ದನ್ನು ಮನೆಯ ಹಣ ನಿರ್ಧರಿಸಬಾರದು



ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆದುದರಿಂದಲೇ ಈ ಜುಮಾದಲ್ಲಿ ನಾವು ಆ್ಯಂಟಿಬಯೋಟಿಕ್ ಬಗ್ಗೆ ಮಾತನಾಡಿದೆವು.

ನಮ್ಮ ಮೊಹಲ್ಲಾದಲ್ಲಿ ಎರಡು ಬಗೆಯ ಮನೆಗಳಿವೆ. ಅನುಕೂಲಸ್ಥರ ಮನೆಯಲ್ಲಿ ಮಗುವಿಗೆ ನೆಗಡಿಯಾದ ದಿನವೇ ಆ್ಯಂಟಿಬಯೋಟಿಕ್ ಸಿರಪ್ ಬರುತ್ತದೆ. ಉಳಿದದ್ದು ಮುಂದಿನ ಜ್ವರಕ್ಕೆಂದು ಫ್ರಿಜ್ ಸೇರುತ್ತದೆ. ಕೂಲಿಯವರ ಮನೆಯಲ್ಲಿ ಆಸ್ಪತ್ರೆಗೆ ಹೋದರೆ ಆ ದಿನದ ಸಂಬಳವಿಲ್ಲ. ಹಾಗಾಗಿ ಇವತ್ತು ನಾಳೆ ಎಂದು ತಡಮಾಡುತ್ತಾರೆ. ಮೆಡಿಕಲ್‌ನಿಂದ ಎರಡು ದಿನದ ಮದ್ದು ತಂದು, ಜ್ವರ ಇಳಿದೊಡನೆ ನಿಲ್ಲಿಸುತ್ತಾರೆ.

ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸಮೀಕ್ಷೆಗಳಲ್ಲೂ ಕಂಡದ್ದಿದೇ. ಜ್ವರ, ಭೇದಿ, ಕೆಮ್ಮು ಬಂದಾಗ ಕಡುಬಡವರ ಮಕ್ಕಳಿಗೆ ಆ್ಯಂಟಿಬಯೋಟಿಕ್ ಸಿಗುವುದು ಕಡಿಮೆ, ಸ್ಥಿತಿವಂತರ ಮಕ್ಕಳಿಗೆ ಹೆಚ್ಚು. ಆದರೆ ಹೆಚ್ಚು ಸಿಗುವುದೇ ಒಳ್ಳೆಯದೆಂದು ಭಾವಿಸಬೇಡಿ.

ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್‌ನ್ನಲ್ಲ. ಮಕ್ಕಳ ನೆಗಡಿ ವೈರಸ್‌ನಿಂದ ಬರುವಂಥದ್ದು, ನೀರು ಭೇದಿಯೂ ಹೆಚ್ಚಾಗಿ ಹಾಗೆಯೇ. ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಜಿಂಕ್ ಮಾತ್ರೆ. ಎದೆಹಾಲು, ಊಟ ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗಬೇಕು.

ನ್ಯುಮೋನಿಯಾದ ವಿಷಯ ಬೇರೆ. ಅಲ್ಲಿ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ, ತಡ ಜೀವ ತೆಗೆಯುತ್ತದೆ. ಕೆಮ್ಮುವ ಮಗು ಸುಮ್ಮನಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 12 ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚಾದರೆ, ಇಲ್ಲವೇ ಪಕ್ಕೆ ಒಳಗೆ ಸೆಳೆದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಎಣಿಸುತ್ತಾ ಕೂರಬೇಡಿ.

ಬೇಡದಿದ್ದಾಗ ಕೊಟ್ಟ ಮದ್ದು ಬ್ಯಾಕ್ಟೀರಿಯಾಗಳನ್ನು ಬಲಿಷ್ಠಗೊಳಿಸುತ್ತದೆ. ಅವು ನೆರೆಮನೆಯ ಮಗುವಿಗೂ ಹರಡುತ್ತವೆ. ಆಗ ಅಗ್ಗದ ಮದ್ದು ನಾಟುವುದಿಲ್ಲ, ದುಬಾರಿಯದ್ದೇ ಬೇಕು. ಅದನ್ನು ಕೊಳ್ಳಲಾಗದವರು ಯಾರು? ಬಡವರೇ. ನೆರೆಯವರ ಹಕ್ಕು ಇಲ್ಲಿಯೂ ಇದೆ.

ಆದ್ದರಿಂದ ಅನುಕೂಲವಿದ್ದವರು ವೈದ್ಯರನ್ನು ಒತ್ತಾಯಿಸಿ ಆ್ಯಂಟಿಬಯೋಟಿಕ್ ಬರೆಸಿಕೊಳ್ಳಬೇಡಿ. ಕೆಂಪು ಗೆರೆಯ ಮದ್ದನ್ನು ಚೀಟಿಯಿಲ್ಲದೆ ಕೊಳ್ಳಬೇಡಿ. ವೈದ್ಯರು ಹೇಳಿದಷ್ಟು ದಿನ ಕೊಡಿ, ಉಳಿದದ್ದನ್ನು ಇಡಬೇಡಿ. ಆ ಹಣದಲ್ಲಿ ನೆರೆಮನೆಯ ತಾಯಿಗೆ ಆಟೋ ಬಾಡಿಗೆ, ಒಂದು ದಿನದ ಕೂಲಿ ಕೊಡಿ. ಕೈ ಬರಿದಾದವರು ಸಂಕೋಚಪಡದೆ ನಮ್ಮಲ್ಲಿ ಹೇಳಿ, ಹೇಳಿದ್ದು ನಮ್ಮಲ್ಲೇ ಉಳಿಯುತ್ತದೆ.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯ ಕರುಣಿಸಲಿ. ಆಮೀನ್.