ಬಂಡೆಯ ಕಾಲ, ಬಾಳಿನ ಕಾಲ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ನೋಡಿದರೆ ಕೆಂಪು ಮರಳುಗಲ್ಲಿನ ಬೆಟ್ಟಗಳು ಪದರು ಪದರಾಗಿ ಎದ್ದು ನಿಂತಿರುವುದು ಕಾಣುತ್ತದೆ. ಇಲ್ಲಿಯ ಮೂರನೆಯ ಗುಹಾಲಯವನ್ನು ಚಾಲುಕ್ಯ ರಾಜಕುಮಾರ ಮಂಗಲೇಶನು ಮಾಡಿಸಿದನೆಂದು ಕ್ರಿ.ಶ. 578ರ ಶಾಸನವು ಹೇಳುತ್ತದೆ. ನಮಗೆ ಅದು ಬಹು ಹಿಂದಿನ ಮಾತು. ಬಂಡೆಗಾದರೋ ನಿನ್ನೆಯ ಸಂಗತಿ. ಭೂಮಿಯ ಮೇಲೆ ಪ್ರಾಣಿಗಳು ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ, ನೀರು ತಂದು ಹರವಿದ ಮರಳು ಗಟ್ಟಿಯಾಗಿ ಈ ಕಲ್ಲಾಯಿತು. ಇಳಕಲ್ಲಿನ ಕೆಂಪು ಗ್ರಾನೈಟು ಇದಕ್ಕಿಂತಲೂ ಹಳೆಯದು.

ಈ ದೀರ್ಘಕಾಲದಲ್ಲಿ ಜೀವಿಗಳು ಮಾರ್ಪಟ್ಟ ಬಗೆಯನ್ನು ಚಾರ್ಲ್ಸ್ ಡಾರ್ವಿನ್ನನು 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಒಂದೇ ಜಾತಿಯ ಜೀವಿಗಳಲ್ಲಿಯೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಪರಿಸರಕ್ಕೆ ಹೊಂದುವ ಗುಣವುಳ್ಳವು ಹೆಚ್ಚಾಗಿ ಬದುಕಿ ಸಂತಾನವನ್ನು ಪಡೆಯುತ್ತವೆ. ಆ ಗುಣವು ಮುಂದಿನ ಪೀಳಿಗೆಗೆ ಇಳಿಯುತ್ತದೆ. ಇದೇ ವಿಕಾಸ. ಇಂದಿನ ಮಂಗನೇ ಮನುಷ್ಯನಾದನೆಂಬುದು ತಪ್ಪು ತಿಳಿವಳಿಕೆ. ಇಬ್ಬರಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರು ಎಂಬುದೇ ಸರಿ.

ಹಾಗಾದರೆ ತಡವಾಗಿ ಬಂದ ಈ ಅಲ್ಪಾಯುವಾದ ಮಾನವನ ಬಾಳಿಗೆ ಬೆಲೆಯೇನು? ಈ ಪ್ರಶ್ನೆಯನ್ನು ಜೀವನದುದ್ದಕ್ಕೂ ಕೆದಕಿದವರು ಶಿವರಾಮ ಕಾರಂತರು (1902–1997). ಅವರು ಕಾಲೇಜನ್ನು ಬಿಟ್ಟರು. ಯಾರ ನೌಕರಿಗೂ ಕಟ್ಟುಬೀಳದೆ ಸ್ವತಂತ್ರ ಲೇಖಕರಾಗಿ ಬದುಕಿದರು. ಕಾದಂಬರಿಗಳ ಜೊತೆಗೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ಅನುಭವಕ್ಕೆ ನಿಲುಕದುದನ್ನು ಒಪ್ಪಲು ಅವರು ಸಿದ್ಧರಿರಲಿಲ್ಲ. ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ, ಹಳೆಯ ವಸ್ತುವನ್ನು ಮುಟ್ಟಿದ ಅಜ್ಜಿಗೆ ಹಿಂದಿನವರ ಬದುಕು ಕಾಣುತ್ತದೆ; ಕಾಲಕಾಲಕ್ಕೆ ಬದಲಾದ ಅವರ ನಂಬಿಕೆಗಳೂ ತೋರುತ್ತವೆ.

ಅಂತಹ ವಸ್ತುಗಳು ಈ ನಾಡಿನಲ್ಲಿ ಕಡಮೆಯಿಲ್ಲ. ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ದೊರೆತಿವೆ. ಹುನಗುಂದದ ಕಡೆಯ ಐಹೊಳೆಯಲ್ಲಿ, ಮೇಗುಟಿ ಬೆಟ್ಟದ ಮೇಲೆ, ದೊಡ್ಡ ಚಪ್ಪಡಿಗಳ ಪ್ರಾಚೀನ ಸಮಾಧಿಗಳಿವೆ. ಅಲ್ಲಿಯೇ 634ರ ಶಾಸನವುಳ್ಳ ಜೈನ ಬಸದಿಯೂ ಇದೆ. ಕಲ್ಲನ್ನು ಒಡೆದ ಕೈ ಕ್ರಮೇಣ ಕಲ್ಲನ್ನು ಕಡೆಯಲು ಕಲಿಯಿತು.

ಆದರೆ ಮುಖ್ಯವಾದ ಮಾತೊಂದುಂಟು. ಕಣ್ಣಿನ ಬಣ್ಣವು ರಕ್ತಸಂಬಂಧದಿಂದ ಬರುತ್ತದೆ. ಕೈ ಕಲಿತ ಕೆಲಸವು ಹಾಗೆ ಬರುವುದಿಲ್ಲ. ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ನೇಕಾರನ ಮಗುವೂ ಅದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಒಂದು ಪೀಳಿಗೆ ಕಲಿಸದಿದ್ದರೆ, ಅಥವಾ ಇನ್ನೊಂದು ಕಲಿಯದಿದ್ದರೆ, ಸಾವಿರ ವರ್ಷಗಳ ವಿದ್ಯೆಯೂ ಅಳಿಯಬಹುದು. ಭಾಷೆ, ವಿಚಾರ, ನೀತಿಗಳ ಗತಿಯೂ ಇದೇ. ಬಂಡೆಯ ಆಯುಷ್ಯದ ಮುಂದೆ ಮನುಷ್ಯನ ಬಾಳು ಕ್ಷಣಿಕ. ಆದರೂ ಪಡೆದುದನ್ನು ಶೋಧಿಸಿ, ತಿದ್ದಿ, ಮುಂದಿನವರಿಗೆ ಒಪ್ಪಿಸುವ ಹೊಣೆ ಆ ಕ್ಷಣದ ಮೇಲೆಯೇ ಇದೆ.